ಕಳೆ ಓದಿದವಳ ಮುಯ್ಯಿ

ನೆಲ್ಯಾಡಿಯ ಏಲಿಯಾಮ್ಮನ ಮನೆಗೆ ಐವರ್ನಾಡಿನ ಬೊಳ್ಳಾಜೆ ಮನೆಯಿಂದ ಒಂದಾಳಿನ ಮುಯ್ಯಿ ಇವತ್ತಿಗೂ ಬಾಕಿ ಇದೆ. ದುಡ್ಡಿನ ಬಾಕಿಯಲ್ಲ. ಒಂದು ಹೆಣ್ಣಾಳು, ಒಂದು ದಿನ, ಕೆಸರಿನಲ್ಲಿ ಬೆನ್ನು ಬಗ್ಗಿಸಿ ನೇಜಿ, ಅಂದರೆ ಭತ್ತದ ಸಸಿ, ನೆಡುವ ಕೆಲಸ. ಕೂಲಿ ಕೊಡುವ ತಾಕತ್ತಿಲ್ಲದ ಮನೆಗಳು ನಮ್ಮ ಕಡೆ ಬದುಕಿದ್ದೇ ಹಾಗೆ. ಇವತ್ತು ನಾನು ನಿನ್ನ ಗದ್ದೆಗೆ ಇಳಿದರೆ ನಾಳೆ ನೀನು ನನ್ನ ಗದ್ದೆಗೆ ಇಳಿಯಬೇಕು. ಅದಕ್ಕೆ ಮುಯ್ಯಾಳು ಎನ್ನುತ್ತಾರೆ. ಬರೆದಿಡುವವರಿಲ್ಲ, ಸಾಕ್ಷಿ ಹಾಕುವವರಿಲ್ಲ. ಆದರೆ ಮುಯ್ಯಿ ತೀರಿಸದ ಮನೆಯ ಹೆಸರು ಊರಿನ ಬಾಯಲ್ಲಿ ಕೊಳೆಯುತ್ತದೆ.

ಬೊಳ್ಳಾಜೆಯ ಹೆಸರು ಕೊಳೆಯಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಆ ಮನೆಯ ಮಗಳು ಲೋಲಾಕ್ಷಿಯಿಂದ ಶುರು ಮಾಡಬೇಕು.

ಅಪ್ಪ ಮೇದಪ್ಪ ಗೌಡ, ಅವ್ವ ಸೇವಂತಿ. ಮನೆಯ ಎದುರಿನ ಬಾಕಿಮಾರು ಗದ್ದೆ ಧಣಿಗಳದ್ದು. ಮೇದಪ್ಪ ಅದನ್ನು ಗೇಣಿಗೆ ಮಾಡುತ್ತಿದ್ದ. ಉತ್ತವನು ಅವನು, ಬಿತ್ತಿದವನು ಅವನು, ಅಕ್ಕಿಮುಡಿ ಕಟ್ಟಿ ಹೊತ್ತುಕೊಂಡು ಹೋಗಿ ಧಣಿಗಳ ಚಾವಡಿಯಲ್ಲಿ ಇಳಿಸಿದವನೂ ಅವನೇ. ಲೋಲಾಕ್ಷಿಯ ಹಿಂದೆ ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಹಾಗಾಗಿ ಇವಳು ಕೋಣ ಮೇಯಿಸಿದಳು, ಸೊಪ್ಪು ಹೊತ್ತಳು, ನೇಜಿ ನೆಟ್ಟಳು, ಉಳಿದ ಹೊತ್ತಿನಲ್ಲಿ ಶಾಲೆಗೂ ಹೋದಳು.

ಐವತ್ತರ ದಶಕದ ನಡುವಿನ ಒಂದು ವರ್ಷ ಮೇದಪ್ಪನಿಗೆ ಚಳಿಜ್ವರ ಹಿಡಿದು ಬಿಡಲೇ ಇಲ್ಲ. ಪುತ್ತೂರಿನಿಂದ ಮದ್ದು ತರಬೇಕಿತ್ತು. ಜೊತೆಗೆ ಬರುತ್ತೇನೆ ಎಂದಿದ್ದ ಪಕ್ಕದ ಮನೆಯ ಡೊಂಬಯ್ಯ ಬಸ್ಸಿನ ಹೊತ್ತಿಗೆ ಬರಲಿಲ್ಲ. ಆರನೇ ಕ್ಲಾಸಿನ ಹುಡುಗಿ ಒಬ್ಬಳೇ ಬಸ್ಸು ಹತ್ತಿದಳು. ಮಧ್ಯಾಹ್ನಕ್ಕೆ ಮುಂಚೆಯೇ ಮದ್ದು ಸಿಕ್ಕಿತು. ವಾಪಸು ಬರುವ ಬಸ್ಸೂ ಎದುರಿಗೇ ನಿಂತಿತ್ತು. ಇವಳು ಹತ್ತಲಿಲ್ಲ. ಗೋಲಿ ಸೋಡ ತುಂಬಿಸುವ ಯಂತ್ರ ನೋಡಿದಳು. ಕೊಡೆ ರಿಪೇರಿಯವನ ಎದುರು ಕೂತು ಕಡ್ಡಿ ಕಟ್ಟುವುದು ನೋಡಿದಳು. ಕೊನೆಯ ಬಸ್ಸಿಗೆ ಬಂದು ಅವ್ವನ ಕೈಯಿಂದ ಸರಿಯಾಗಿ ಪೆಟ್ಟು ತಿಂದಳು. ಬೆನ್ನು ಉರಿಯುತ್ತಿತ್ತು, ಆದರೆ ಮಾಡಿದ್ದು ತಪ್ಪು ಎಂದು ಮಾತ್ರ ಅವಳಿಗೆ ಅನಿಸಲಿಲ್ಲ. ಯಾರ ಮಗಳು ಎಂದು ಯಾರಿಗೂ ಗೊತ್ತಿಲ್ಲದ ಕಡೆ ನಿಂತಾಗ ತನ್ನ ಕಾಲು ತನ್ನದೇ ಎಂದು ಮೊದಲ ಸಲ ಅನಿಸಿತ್ತು. ಅದರ ರುಚಿ ಹತ್ತಿತು, ಹತ್ತಿದ್ದು ಬಿಡಲಿಲ್ಲ.

ಆಮೇಲೆ ಸ್ಕಾಲರ್‌ಶಿಪ್ಪು, ಮಂಗಳೂರಿನಲ್ಲಿ ಬಿ.ಎಸ್ಸಿ. ಅರವತ್ತೈದರಲ್ಲಿ ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಪ್ರಬಂಧಕ್ಕೆ ಅವಳು ಆರಿಸಿಕೊಂಡ ವಿಷಯ ಗದ್ದೆಯ ಕಳೆ. ಒಂದೇ ಬೈಲು, ಒಂದೇ ತೋಡಿನ ನೀರು. ಆದರೂ ಈ ಗದ್ದೆಯಲ್ಲಿ ಹೊನಗೊನ್ನೆ, ಆ ಗದ್ದೆಯಲ್ಲಿ ಜೇಕು. ಯಾಕೆ? ಕಳೆಗೆ ಕಾಲಿಲ್ಲ. ನೇಜಿಯ ಕಟ್ಟಿನ ಜೊತೆ, ಕೋಣದ ಗೊರಸಿನಲ್ಲಿ, ಮುಯ್ಯಿಗೆ ಹೋಗಿ ಬರುವ ಹೆಂಗಸರ ಕಾಲಿನ ಕೆಸರಿನಲ್ಲಿ ಅದು ಊರಿಂದೂರಿಗೆ ಹೋಗುತ್ತದೆ ಎಂದು ಅವಳ ಲೆಕ್ಕ. ಅದನ್ನು ತೋರಿಸಿಕೊಡಬೇಕಿತ್ತು.

ರಜೆಯಲ್ಲಿ ಊರಿಗೆ ಬಂದಾಗ ಡೊಂಬಯ್ಯ ಜಗಲಿಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಾ ಕೇಳಿದ:

“ಕಳೆ ಓದಲಿಕ್ಕೆ ಮೈಸೂರಿಗೆ ಹೋಗುದು ಎಂತಕ್ಕೆ ಮಾರಾಯ್ತಿ? ನನ್ನ ಗದ್ದೆಗೆ ಬಾ, ಪುಕ್ಕಟೆ ಓದಿಸ್ತೇನೆ.”

“ಬರ್ತೇನೆ ಮಾವ. ಆದ್ರೆ ಕಿತ್ತ ಕಳೆ ನನಗೆ ಕೊಡಬೇಕು.”

“ಕೊಡುದೆಂತ, ಹೊರೆ ಕಟ್ಟಿ ತಲೆ ಮೇಲೆ ಇಡ್ತೇನೆ. ನಿನ್ನ ಪ್ರೊಫೆಸರಿಗೂ ಒಂದು ಹೊರೆ.”

ಆ ಪ್ರೊಫೆಸರು ಲ್ಯಾಬಿನ ಅಟೆಂಡರನನ್ನು ಜೊತೆಗೆ ಕರೆದುಕೊಂಡು ಹೋಗು ಎಂದಿದ್ದರು. ಇವಳು ಒಪ್ಪಲಿಲ್ಲ. ಗಂಡಸೊಬ್ಬ ಜೊತೆಗಿದ್ದರೆ ಮಾತೆಲ್ಲ ಅವನ ಹತ್ತಿರ ಆಗುತ್ತದೆ, ಊಟ ಮೊದಲು ಅವನಿಗೆ ಬೀಳುತ್ತದೆ, ತಾನು ಅಡುಗೆ ಕೋಣೆಯಲ್ಲಿ ತರಕಾರಿ ಹೆಚ್ಚಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎರಡು ಹಲಗೆ, ಒಂದು ಹಗ್ಗ, ಗಿಡ ಒತ್ತಿಡಲು ಹಳೆ ಪೇಪರಿನ ಕಟ್ಟು, ಒಂದು ಜೊತೆ ಬಟ್ಟೆ. ಇಷ್ಟನ್ನು ಚೀಲಕ್ಕೆ ತುಂಬಿಸಿ, ಮಳೆಗಾಲ ಕಳೆದು ಎರಡನೇ ಬೆಳೆಯಾದ ಸುಗ್ಗಿಯ ನಾಟಿಯ ಹೊತ್ತಿಗೆ ಹೊರಟಳು. ಪುತ್ತೂರಿನ ಬಸ್ಸು, ಅಲ್ಲಿಂದ ಮುಂದಿನ ಬಸ್ಸು, ಕುಮಾರಧಾರೆಯ ಕಡವಿನಲ್ಲಿ ದೋಣಿ, ಆಮೇಲೆ ಕಡಬದವರೆಗೆ ನಡಿಗೆ. ದೋಣಿಯಲ್ಲಿ ನಿಂತು ಹರಿವ ನೀರು ನೋಡುವಾಗ ಅವಳಿಗೆ ಹಾಡಬೇಕು ಎನಿಸಿತಂತೆ. ಹಾಡು ಬರುತ್ತಿರಲಿಲ್ಲ, ಸುಮ್ಮನೆ ನಿಂತಳು.

ಕಡಬದ ಹೊರಗೆ ಕದೀಜಮ್ಮನ ಗದ್ದೆ. ಗಂಡ ತೀರಿಕೊಂಡ ಬ್ಯಾರಿ ಮುಸಲ್ಮಾನರ ಹೆಂಗಸು, ತಂಗಿ ಕುಂಞಿಪಾತುಮ್ಮನನ್ನು ಕಟ್ಟಿಕೊಂಡು ಗೇಣಿ ಗದ್ದೆ ನಡೆಸುತ್ತಿದ್ದಳು. ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಹುಲ್ಲು ಕೀಳುತ್ತಿದ್ದ ಹುಡುಗಿಯನ್ನು ಕಂಡು ಅವಳು ಗದ್ದೆಯಿಂದಲೇ ಕೂಗಿದಳು:

“ಏನು ಮೋಳೆ, ದನಕ್ಕಾ?” ಮೋಳೆ ಅಂದರೆ ಅವರ ಮಾತಿನಲ್ಲಿ ಮಗಳೇ.

“ಅಲ್ಲ, ಓದಲಿಕ್ಕೆ.”

ಗದ್ದೆಯಲ್ಲಿದ್ದ ಹೆಂಗಸರೆಲ್ಲ ನಗಾಡಿದರು. ಕದೀಜಮ್ಮ ನಗಲಿಲ್ಲ. “ಓದುವವಳು ದಂಡೆಯಲ್ಲಿ ಕೂತರೆ ಎಂತ ಗೊತ್ತಾಗ್ತದೆ? ಇಳಿ,” ಎಂದಳು.

ಇಳಿದಳು. ಇವಳ ಕೈ ಓಡುವುದು ನೋಡಿ ಕುಂಞಿಪಾತುಮ್ಮ, “ಇವಳು ಕಾಲೇಜಿನವಳಲ್ಲ ಅಕ್ಕ, ಸುಳ್ಳು ಹೇಳ್ತಾಳೆ,” ಎಂದಳು. ಸಂಜೆ ಕೈಕಾಲು ತೊಳೆಯುವಾಗ ಕದೀಜಮ್ಮ ಕೇಳಿದ್ದು ಒಂದೇ ಮಾತು: “ಯಾವ ಊರು, ಯಾವ ಮನೆ?”

“ಐವರ್ನಾಡು. ಬೊಳ್ಳಾಜೆ.”

ಕದೀಜಮ್ಮ ತಲೆಯಾಡಿಸಿದಳು. ಸುಮ್ಮನೆ ವಿಚಾರಿಸಿದ್ದು ಎಂದು ಲೋಲಾಕ್ಷಿ ತಿಳಿದುಕೊಂಡಳು. ಅಲ್ಲೇ ಕುಚ್ಚಿಗೆ ಅನ್ನ, ಒಣಮೀನಿನ ಸಾರು ಉಂಡಳು, ಅಲ್ಲೇ ಚಾಪೆಯ ಮೇಲೆ ಮಲಗಿದಳು. ಅವಳ ಕಳೆಯ ಪೇಪರು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿತು. ಮೀನು ಒಣಗಿಸುವ ಜಾಗದಲ್ಲಿ ಹುಲ್ಲು ಒಣಗಿಸುವವಳನ್ನು ನೋಡಲು ಅಕ್ಕಪಕ್ಕದವರೂ ಬಂದುಹೋದರು. ಉಂಡದ್ದಕ್ಕೂ ಮಲಗಿದ್ದಕ್ಕೂ ತಾನು ನೆಟ್ಟದ್ದು ಸರಿಹೋಯಿತು ಎಂದುಕೊಂಡು ಅವಳು ಹಗುರ ಮನಸ್ಸಿನಿಂದ ಹೊರಟಳು.

ನೆಲ್ಯಾಡಿಯಲ್ಲೂ ಹಾಗೆಯೇ ಆಯಿತು. ಕೇರಳದಿಂದ ಬಂದು ಕಾಡು ಕಡಿದು ನೆಲೆನಿಂತ ಏಲಿಯಾಮ್ಮ ಗುಡ್ಡದ ಬುಡದಲ್ಲಿ ಸಣ್ಣ ಗದ್ದೆ ಮಾಡಿದ್ದಳು. ಅರ್ಧ ಮಲಯಾಳ, ಅರ್ಧ ಕೈಸನ್ನೆಯಲ್ಲಿ ಮಾತಾಡಿ, ಮರಗೆಣಸು ಬೇಯಿಸಿ ಹಾಕಿದಳು. ಅರಂತೋಡಿನಲ್ಲಿ ಪೂವಕ್ಕ. ಅವಳಂತೂ ಗೌಡರ ಪೈಕಿಯವಳೇ. ಎಲ್ಲ ಕಡೆ ಲೋಲಾಕ್ಷಿ ಗದ್ದೆಗೆ ಇಳಿದಳು, ಎಲ್ಲ ಕಡೆ ಮನೆ ಯಾವುದೆಂದು ಕೇಳಿದರು, ಎಲ್ಲ ಕಡೆ ಹೇಳಿದಳು. ಮುಯ್ಯಿಯ ಹೆಂಗಸರ ಕಾಲಿಗೆ ಅಂಟಿ ಕಳೆ ಎಲ್ಲೆಲ್ಲಿ ಹೋಗುತ್ತದೆ ಎಂದು ಹುಡುಕುತ್ತಿದ್ದವಳಿಗೆ ತನ್ನ ಕಾಲಿನ ಕೆಸರಿನ ನೆನಪು ಬರಲಿಲ್ಲ.

ಮರುವರ್ಷ ಮಳೆಗಾಲದ ಏಣೇಲು ಬೆಳೆಯ ಹೊತ್ತಿಗೆ ಅವಳು ಮನೆಗೆ ಬಂದಾಗ ಎಲ್ಲ ಉಲ್ಟಾ ಆಗಿತ್ತು.

ಹೊಸ ಭೂಮಿ ಕಾನೂನು ಬಂದಿತ್ತು. ಗೇಣಿಯವನಿಗೆ ಹಕ್ಕು ಸಿಗುತ್ತದೆ ಎಂಬ ಸುದ್ದಿ ಧಣಿಗಳ ಕಿವಿಗೆ ಗೇಣಿಯವರಿಗಿಂತ ಮೊದಲೇ ಮುಟ್ಟಿತ್ತು. ಗೇಣಿಯವರನ್ನು ಎಬ್ಬಿಸಲು ನೆಪ ಬೇಕಿತ್ತು. ಅವರ ಪಾರುಪತ್ಯಗಾರ ಬಂದು ಜಗಲಿ ಹತ್ತದೆ, ಅಂಗಳದಲ್ಲೇ ಕೊಡೆ ಹಿಡಿದು ನಿಂತು ಹೇಳಿ ಹೋದ: ಜುಲೈ ಅರ್ಧದಲ್ಲಿ ಆಟಿ ತಿಂಗಳು ಹುಟ್ಟುವುದರೊಳಗೆ ಗದ್ದೆ ನಾಟಿ ಆಗಿರಬೇಕು. ನಾಟಿಯಿಲ್ಲದೆ ಹಡಿಲು ಬಿದ್ದರೆ ಗದ್ದೆ ಬಿಟ್ಟುಕೊಡಬೇಕು. ಮೇದಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಪ್ರತಿ ವರ್ಷ ಮಾಡುವ ನಾಟಿ ತಾನೇ. ಉತ್ತು ಹದ ಮಾಡಿ ಮುಯ್ಯಾಳು ಕರೆಯಲು ಹೋದ.

ಯಾರೂ ಬರಲಿಲ್ಲ. ಒಬ್ಬಳಿಗೆ ಸೊಂಟ ನೋವು, ಒಬ್ಬಳಿಗೆ ತವರಿನಲ್ಲಿ ಬಾಣಂತಿ, ಮತ್ತೊಬ್ಬಳು ಬಾಗಿಲನ್ನೇ ತೆಗೆಯಲಿಲ್ಲ. ಕೊನೆಗೆ ಡೊಂಬಯ್ಯನೇ ಬಂದ. ಎಲೆ ಅಡಿಕೆಯ ತಟ್ಟೆ ಮುಂದಿಟ್ಟರೂ ಮುಟ್ಟಲಿಲ್ಲ.

“ನೋಡು ಬಾವ, ನಾನು ಸುಳ್ಳು ಹೇಳುದಿಲ್ಲ. ಬೊಳ್ಳಾಜೆಗೆ ಆಳು ಹೋಗಬಾರದು ಅಂತ ಮೇಲಿಂದ ಹೇಳಿದ್ದಾರೆ. ನನ್ನ ಗದ್ದೆಯೂ ಅವರದ್ದೇ.”

“ನಾನು ಮಾಡಿದ ತಪ್ಪು ಎಂತದು?”

ಡೊಂಬಯ್ಯ ಲೋಲಾಕ್ಷಿಯ ಕಡೆ ನೋಡದೆ ಹೇಳಿದ. “ಮಗಳನ್ನು ಒಬ್ಬಳೇ ಊರೂರು ತಿರುಗಲಿಕ್ಕೆ ಬಿಟ್ಟಿದ್ದಿ. ಬ್ಯಾರಿಗಳ ಮನೆಯಲ್ಲಿ ಉಂಡಿದ್ದಾಳೆ, ಕಿರಿಸ್ತಾನರ ಮನೆಯಲ್ಲಿ ಮಲಗಿದ್ದಾಳೆ. ಅಂಥ ಮನೆಯ ಗದ್ದೆಗೆ ನಮ್ಮ ಹೆಂಗಸರನ್ನು ಹೇಗೆ ಕಳಿಸುದು ಅಂತ ಕೇಳ್ತಾರೆ. ಅವಳು ಓದು ಬಿಟ್ಟು ಮನೆಯಲ್ಲಿ ಕೂರ್ತಾಳೆ ಅಂತ ನೀನು ಹೇಳು. ಆಮೇಲೆ ಆಳು ಬಂದ್ರೆ ಅವರಿಗೂ ಬಾಯಿ ಇಲ್ಲ.”

ಧಣಿಗೆ ಬೇಕಾದ್ದು ಗದ್ದೆ. ಊರಿಗೆ ಹೇಳಲು ಸಿಕ್ಕಿದ್ದು ಹುಡುಗಿಯ ಕಾಲು. ಗೇಣಿದಾರರ ಚಳವಳಿಯಲ್ಲಿ ಇದ್ದವರಿಗೆಲ್ಲ ಧಣಿಗಳ ಈ ವಿದ್ಯೆ ಗೊತ್ತು, ಗಂಡಸಿನ ಹೊಟ್ಟೆಗೆ ಹೊಡೆಯಬೇಕಾದಾಗಲೆಲ್ಲ ಅವನ ಮನೆಯ ಹೆಣ್ಣಿನ ಮಾತು ಎತ್ತುತ್ತಾರೆ.

ಮೂವರೇ ಗದ್ದೆಗೆ ಇಳಿದರು, ಅಪ್ಪ, ಅವ್ವ, ಮಗಳು. ಬಾಕಿಮಾರು ಅಂದರೆ ಅಂಗಳದಷ್ಟು ಗದ್ದೆಯಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನೆಟ್ಟರೂ ಒಂದು ಮೂಲೆ ಹಸಿರಾಗುತ್ತಿತ್ತು, ಅಷ್ಟೆ. ಅತ್ತ ನೇಜಿ ಮುದಿಯಾಗುತ್ತಿತ್ತು. ಬುಡದಲ್ಲಿ ಗಂಟು ಬಿಟ್ಟ ನೇಜಿ ನೆಟ್ಟು ಪ್ರಯೋಜನವಿಲ್ಲ, ದನಕ್ಕೆ ಹಾಕಬೇಕು. ಸೇವಂತಿ ಒಂದು ನೇಜಿ ಕಿತ್ತು ಬೆರಳಲ್ಲಿ ತಿಕ್ಕಿ ನೋಡಿ ಕಟ್ಟಿಗೆ ಸೇರಿಸಿದಳು. ಅದನ್ನು ಲೋಲಾಕ್ಷಿ ನೋಡಿದಳು.

ಅದೇ ವಾರ ಒಣಮೀನಿನ ಅಬ್ದುಲ್ಲ ಬಂದ. ಮಳೆಗಾಲದಲ್ಲಿ ಬುಟ್ಟಿ ಹೊತ್ತು ಕಡಬದಿಂದ ಬೆಳ್ಳಾರೆ, ಸುಳ್ಯದವರೆಗೂ ತಿರುಗುವವನು. ಬುಟ್ಟಿ ಇಳಿಸಿ, ಮೀನಿನ ಮಾತಿಗಿಂತ ಮೊದಲು ಕೇಳಿದ:

“ಬೊಳ್ಳಾಜೆ ಇದೇ ಅಲ್ವಾ? ಕದೀಜಮ್ಮ ಕೇಳ್ಲಿಕ್ಕೆ ಹೇಳಿದ್ದಾಳೆ, ನಿಮ್ಮ ನಾಟಿ ಯಾವತ್ತು ಅಂತ.”

“ನಾಟಿಯೇ ಇಲ್ಲ ಮಾರಾಯ,” ಎಂದ ಮೇದಪ್ಪ. “ಆಳಿಲ್ಲ.”

ಅಬ್ದುಲ್ಲ ಗದ್ದೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಕೆಸರು ನೀರಿನಲ್ಲಿ ಮೋಡ ಕಾಣುತ್ತಿತ್ತು, ಹಸಿರು ಕಾಣುತ್ತಿರಲಿಲ್ಲ. “ಆಳಿಲ್ಲ ಅಂದ್ರೆ?” ಎಂದು ಮತ್ತೊಮ್ಮೆ ಕೇಳಿದ. ಡೊಂಬಯ್ಯ ಹೇಳಿದ್ದನ್ನೆಲ್ಲ, ಮಗಳು ಯಾವ ಯಾವ ಮನೆಯ ಗದ್ದೆಗೆ ಇಳಿದಿದ್ದಳು ಎಂಬುದನ್ನೂ, ಮೇದಪ್ಪ ಹೇಳಿದ. ಅಬ್ದುಲ್ಲ ಬೀಡಿ ಹಚ್ಚಿ, ಅರ್ಧ ಎಳೆದು, ಬುಟ್ಟಿ ತಲೆಗೇರಿಸಿದ. ಮೀನು ಬೇಕಾ ಎಂದು ಕೇಳುವುದನ್ನೇ ಮರೆತು ಹೋದ. ಕದೀಜಮ್ಮ ಯಾಕೆ ಕೇಳಿ ಕಳಿಸಿದ್ದು ಎಂದು ಲೋಲಾಕ್ಷಿಗೆ ಅರ್ಥವಾಗಲಿಲ್ಲ. ಸುದ್ದಿ ವಿಚಾರಿಸಿರಬೇಕು ಎಂದುಕೊಂಡಳು.

ಆಟಿ ಹುಟ್ಟಲು ಇನ್ನು ಬೆರಳೆಣಿಕೆಯ ದಿನ ಉಳಿದಿತ್ತು. ಗಂಜಿಯ ಹೊತ್ತಿಗೆ ಲೋಲಾಕ್ಷಿ ಅಪ್ಪನಿಗೆ ಹೇಳಿದಳು:

“ನಾನು ಇನ್ನು ಮೈಸೂರಿಗೆ ಹೋಗುದಿಲ್ಲ. ಡೊಂಬಯ್ಯ ಮಾವನಿಗೆ ಹೇಳಿ.”

ಮೇದಪ್ಪ ಗಂಜಿಯ ಬಟ್ಟಲು ಕೆಳಗಿಟ್ಟ. “ನಿನಗೆ ಬೇಕಾಗಿ ಹೇಳುದಾ?”

“ಗದ್ದೆ ಬೇಕಲ್ಲ.”

“ನಾನು ಕೇಳಿದ್ದು ಅದಲ್ಲ.”

ಅವಳು ತನ್ನ ಬಟ್ಟಲು ಎತ್ತಿಕೊಂಡು ಎದ್ದಳು. ಮೇದಪ್ಪ, “ಸಂಜೆ ಹೋಗಿ ಹೇಳ್ತೇನೆ,” ಎಂದು ಮಳೆಗೆ ಓಲೆಯ ಕೊರಂಬು ಬೆನ್ನಿಗೇರಿಸಿ ಗದ್ದೆಗೆ ಹೋದ. ಲೋಲಾಕ್ಷಿ ಒಳಗೆ ಹೋಗಿ ಗಿಡ ಒತ್ತಿಡುವ ಆ ಎರಡು ಹಲಗೆಗಳನ್ನು ಅವ್ವನಿಗೆ ಕೊಟ್ಟಳು, ಉಪ್ಪಿನಕಾಯಿ ಭರಣಿಗೆ ಮುಚ್ಚಲು ಆಗುತ್ತದೆ ಎಂದು. ಸೇವಂತಿ ತೆಗೆದುಕೊಂಡು ಗೋಡೆಗೆ ಒರಗಿಸಿಟ್ಟಳು. ಮುಚ್ಚಲಿಲ್ಲ.

ಹೊತ್ತು ಇಳಿಯುವ ಮೊದಲೇ, ನೇಜಿ ಕೀಳುತ್ತಿದ್ದ ಲೋಲಾಕ್ಷಿಗೆ ತೋಡಿನ ಆಚೆ ಮಾತು ಕೇಳಿಸಿತು. ಬ್ಯಾರಿ ಭಾಷೆ, ನಡುವೆ ಮಲಯಾಳ, ನಡುವೆ ಗೌಡರ ಅರೆಭಾಷೆಯಲ್ಲಿ ಯಾರೋ ಮರದ ಕಾಲುಸಂಕ ಜಾರುತ್ತದೆಂದು ಬೈಯುತ್ತಿದ್ದರು. ತಲೆ ಎತ್ತಿದಳು. ಕದೀಜಮ್ಮ ಮುಂದೆ, ಕುಂಞಿಪಾತುಮ್ಮ ಹಿಂದೆ. ಅವರ ಹಿಂದೆ ಏಲಿಯಾಮ್ಮ, ಜೊತೆಗೆ ಅವಳ ನಾದಿನಿ. ಸಂಕದ ಮೇಲೆ ಕಾಲಿಡಲು ಹೆದರಿ ನಿಂತವಳು ಪೂವಕ್ಕ. ಸೊಂಟದಲ್ಲಿ ಕತ್ತಿ, ಕೈಯಲ್ಲಿ ಬಟ್ಟೆಯ ಗಂಟು. ಅಬ್ದುಲ್ಲನ ಸುದ್ದಿ ಮುಟ್ಟಿ ಏಲಿಯಾಮ್ಮ ಕಡಬಕ್ಕೆ ಬಂದು ಇವರ ಜೊತೆ ಸೇರಿದ್ದಳು. ನೆರೆ ಇಳಿಯಲು ಕಾದು ಕಡವು ದಾಟಿ, ಬೆಳ್ಳಾರೆಯ ಮೇಲೆ ನಡೆದು ಬಂದಿದ್ದರು. ಪೂವಕ್ಕನಿಗೆ ಸುದ್ದಿ ಅಬ್ದುಲ್ಲ ಸುಳ್ಯದ ಪೇಟೆಯಿಂದ ಮುಟ್ಟಿಸಿದ್ದ, ಅವಳು ದಾರಿಯಲ್ಲಿ ಇವರಿಗೆ ಸಿಕ್ಕಿದ್ದಳು.

“ನಾಟಿಗೆ ಹೇಳಿ ಕಳಿಸ್ಲಿಕ್ಕೆ ಗೊತ್ತಿಲ್ವಾ ನಿನಗೆ?” ಇದು ಕದೀಜಮ್ಮನ ಮೊದಲ ಮಾತು. “ಮೀನಿನವನ ಬಾಯಲ್ಲಿ ಕೇಳಬೇಕಾ ನಾವು? ನಮ್ಮ ಗದ್ದೆಯೆಲ್ಲ ಮುಗಿಸಿ ಕಾದು ಕೂತಿದ್ದೇವೆ.”

“ನೀವು ಯಾಕೆ ಕದೀಜಮ್ಮ?”

“ಯಾಕೆ ಅಂದ್ರೆ? ಮುಯ್ಯಿ ಇಲ್ವಾ? ಬೊಳ್ಳಾಜೆಯ ಆಳು ನನ್ನ ಗದ್ದೆಯಲ್ಲಿ ನೆಟ್ಟಿದೆ.”

“ಅದು ನಾನು ಉಂಡದ್ದಕ್ಕೆ, ಮಲಗಿದ್ದಕ್ಕೆ. ಅಲ್ಲಿಗೇ ಸರಿಹೋಯ್ತಲ್ಲ.”

ಕದೀಜಮ್ಮ ಗಂಟು ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟಳು. “ಉಂಡದ್ದಕ್ಕೆ ಕೆಲಸ ಮಾಡಿದ್ದಾ? ಹಾಗಾದ್ರೆ ನೀನು ನನ್ನ ಮನೆಯನ್ನು ಹೋಟ್ಲು ಮಾಡಿದ್ದಿ. ಮನೆಗೆ ಬಂದವರ ಅನ್ನಕ್ಕೆ ಯಾರಾದ್ರೂ ಲೆಕ್ಕ ಇಡ್ತಾರಾ ಮೋಳೆ? ಅನ್ನ ಅನ್ನ, ಮುಯ್ಯಿ ಮುಯ್ಯಿ. ಅದಕ್ಕೇ ಅಲ್ವಾ ಯಾವ ಮನೆ ಅಂತ ಕೇಳಿದ್ದು? ನಿನ್ನ ಮುಖ ನೋಡ್ಲಿಕ್ಕಾ?”

ಕುಂಞಿಪಾತುಮ್ಮ ಹಿಂದಿನಿಂದ, “ನಾನು ಹೇಳಿದ್ದೆ ಅಕ್ಕ, ಕಾಲೇಜಿನವಳೇ ಅಂತ. ಇಷ್ಟು ಬುದ್ಧಿ ಕಡಿಮೆ ಬೇರೆ ಯಾರಿಗೆ ಉಂಟು?” ಎಂದಳು. ಹೋದ ವರ್ಷ ಅವಳು ಹೇಳಿದ್ದು ತದ್ವಿರುದ್ಧ. ಆದರೆ ಅದನ್ನು ಹಿಡಿದು ವಾದ ಮಾಡುವ ಸ್ಥಿತಿಯಲ್ಲಿ ಲೋಲಾಕ್ಷಿ ಇರಲಿಲ್ಲ. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಾಗುತ್ತಿರಲಿಲ್ಲ, ಮೂಗು ಮಾತ್ರ ಸುರಿಯುತ್ತಿತ್ತು. ಕೈಯಲ್ಲಿ ಕೆಸರು, ಒರೆಸಿಕೊಳ್ಳಲೂ ಆಗಲಿಲ್ಲ.

ಸೇವಂತಿ ಜಗಲಿಯಲ್ಲಿ ನಿಂತಿದ್ದಳು. ಬ್ಯಾರಿ ಹೆಂಗಸರಿಗೆ ಯಾವ ಪಾತ್ರೆಯಲ್ಲಿ ಬಡಿಸುವುದು ಎಂದು ಅವಳ ಮನಸ್ಸು ಒಂದು ಗಳಿಗೆ ಎಳೆದಾಡಿದ್ದು ಸುಳ್ಳಲ್ಲ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಕಾಲ ಹಾಗಿತ್ತು. ಆ ಗಳಿಗೆ ಕಳೆಯಿತು. ಒಳಗೆ ಹೋಗಿ ಮನೆಯ ಕಂಚಿನ ಬಟ್ಟಲುಗಳನ್ನೇ ತಂದಳು. “ಬನ್ನಿ ಅಕ್ಕ, ಬಿಸಿ ನೀರು ಉಂಟು, ಕಾಲು ತೊಳೀರಿ,” ಎಂದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಾಕಿಮಾರಿನಲ್ಲಿ ಹೆಂಗಸರ ಸಾಲು ಬಗ್ಗಿತ್ತು. ಮೇದಪ್ಪ ಡೊಂಬಯ್ಯನ ಮನೆಗೆ ಹೋಗಿರಲಿಲ್ಲ. ನೇಜಿಯ ಕಟ್ಟು ಎಸೆಯುತ್ತಾ ಓಡಾಡುತ್ತಿದ್ದ. ಸೂರ್ಯ ಮೇಲೇರುವಾಗ ಪಾರುಪತ್ಯಗಾರ ಬಂದ. ಅಂಚಿನಲ್ಲಿ ನಿಂತು ಒಂದೊಂದೇ ಮುಖ ನೋಡಿದ. ಒಂದೂ ಗುರುತಿನದ್ದಲ್ಲ. ಯಾವ ಮುಖವೂ ಅವನ ಧಣಿಗಳ ಗೇಣಿಯದ್ದಲ್ಲ.

“ಯಾರು ನೀವೆಲ್ಲ? ಯಾರು ಕರೆದದ್ದು?”

ಕದೀಜಮ್ಮ ಬೆನ್ನು ನೆಟ್ಟಗೆ ಮಾಡಿದಳು. “ನಮ್ಮದು ಮುಯ್ಯಿ. ನಿಮ್ಮದೂ ಏನಾದ್ರೂ ಬಾಕಿ ಇದ್ರೆ ಇಳೀರಿ. ಪಂಚೆ ಮಾತ್ರ ಸ್ವಲ್ಪ ಎತ್ತಿ ಕಟ್ಟಿ.”

ಪೂವಕ್ಕ ನಗು ತಡೆಯಲಾರದೆ ಕೆಸರಿನಲ್ಲೇ ಕೂತುಬಿಟ್ಟಳು. ಏಲಿಯಾಮ್ಮನಿಗೆ ಮಾತು ಪೂರ್ತಿ ಅರ್ಥವಾಗದಿದ್ದರೂ ಅವನ ಪಂಚೆ ನೋಡಿ ನಕ್ಕಳು. ಆ ಮನುಷ್ಯ ಬಂದ ದಾರಿಯಲ್ಲೇ ಹೋದ. ಮಧ್ಯಾಹ್ನ ದಾಟಿದ ಮೇಲೆ ಡೊಂಬಯ್ಯನ ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು, ಯಾರ ಮುಖವನ್ನೂ ನೋಡದೆ, ಸಾಲಿನ ಕೊನೆಗೆ ಸೇರಿಕೊಂಡಳು. ಯಾಕೆ ತಡ ಎಂದು ಯಾರೂ ಕೇಳಲಿಲ್ಲ. ಅವಳ ಹಿಂದೆ ಇನ್ನಿಬ್ಬರು ಬಂದರು. ಒಬ್ಬಳು ಸೊಂಟ ನೋವಿನವಳು.

ಆಟಿ ಹುಟ್ಟುವ ಮೊದಲೇ ಗದ್ದೆ ಹಸಿರಾಯಿತು. ಆ ಸಂಜೆಯೇ ನಾಟಿ ಮುಗಿದು, ಮೇದಪ್ಪ ಅಂಚಿನಲ್ಲಿ ಕಾಲು ಚಾಚಿ ಕೂತು, ಎಷ್ಟೋ ದಿನದ ಉಸಿರನ್ನು ಒಟ್ಟಿಗೆ ಬಿಟ್ಟ. “ನಿನ್ನ ಬಸ್ಸು ಯಾವತ್ತು?” ಎಂದು ಮಗಳನ್ನು ಕೇಳಿದ. ಅಷ್ಟೇ. ಸೇವಂತಿ ಗೋಡೆಗೆ ಒರಗಿಸಿಟ್ಟಿದ್ದ ಹಲಗೆಗಳನ್ನು ತಂದು ಚೀಲದ ಪಕ್ಕದಲ್ಲಿಟ್ಟಳು. ಆ ದಿನ ಲೋಲಾಕ್ಷಿ ಕೂತಲ್ಲೇ ನಿದ್ದೆ ಹೋದಳು, ಕೈಯಲ್ಲಿ ಅನ್ನದ ತುತ್ತು ಹಾಗೆಯೇ ಇತ್ತು.

ಪ್ರಬಂಧ ಮುಗಿಯಿತು. ಅವಳ ಲೆಕ್ಕ ತಪ್ಪಾಗಿರಲಿಲ್ಲ. ಅದಕ್ಕೆ ಮುಂಚೆ ಆ ಬೈಲಿನಲ್ಲಿ ಕಾಣದಿದ್ದ ಕಡಬದ ಒಂದು ಜೇಕು ಮರುವರ್ಷ ಬಾಕಿಮಾರಿನಲ್ಲಿ ಎದ್ದು ಬಂತು. ಮೇದಪ್ಪ ಅದನ್ನು ಕಿತ್ತು ಎಸೆಯುವಾಗಲೆಲ್ಲ, “ಕದೀಜಮ್ಮನದ್ದು,” ಎನ್ನುತ್ತಿದ್ದ. ಲೋಲಾಕ್ಷಿಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಪ್ರತಿ ರಜೆಗೂ ಚೀಲ ಹೆಗಲಿಗೇರಿಸಿ ಒಬ್ಬಳೇ ಹೊರಡುವುದನ್ನು ಅವಳು ಬಿಡಲಿಲ್ಲ.

ಆ ನಾಟಿಗೆ ಕದೀಜಮ್ಮನೂ ಏಲಿಯಾಮ್ಮನೂ ಒಂದಾಳಿನ ಮುಯ್ಯಿಗೆ ಎರಡಾಳು ತಂದು, ತಾವು ಕೊಡಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದರು. ಅಂದರೆ ಈಗ ಮುಯ್ಯಿ ಬೊಳ್ಳಾಜೆಯ ಮೇಲೆ. ಕದೀಜಮ್ಮನದ್ದನ್ನು ಲೋಲಾಕ್ಷಿ ಮುಂದಿನ ಸುಗ್ಗಿಯಲ್ಲೇ ತೀರಿಸಿದಳು, ಅರಂತೋಡಿನದ್ದು ಆಳಿಗೆ ಆಳು ಸರಿಹೋಗಿತ್ತು. ಏಲಿಯಾಮ್ಮನ ನಾದಿನಿಯದ್ದು ಒಂದಾಳು ಉಳಿಯಿತು. ಕೆಲಸಕ್ಕೆ ಸೇರಿದ ಗಡಿಬಿಡಿಯಲ್ಲಿ ವರ್ಷ ದಾಟಿ, ಅರವತ್ತೊಂಬತ್ತರಲ್ಲಿ ಅವಳು ನೆಲ್ಯಾಡಿಗೆ ಹೋದಾಗ ಗುಡ್ಡದ ಬುಡದ ಆ ಗದ್ದೆ ಇರಲಿಲ್ಲ. ಮಣ್ಣು ತುಂಬಿಸಿ ರಬ್ಬರ್ ಸಸಿ ಇಟ್ಟಿದ್ದರು. ಏಲಿಯಾಮ್ಮ ಮರಗೆಣಸು ಬೇಯಿಸಿ ಹಾಕಿದಳು. ಇವಳು ಸುಮ್ಮನೆ ಉಂಡಳು. ಅನ್ನಕ್ಕೆ ಲೆಕ್ಕ ಇಡಬಾರದು ಎಂದು ಅಷ್ಟರಲ್ಲಿ ಕಲಿತಿದ್ದಳು. ಬಾಕಿ ಹಾಗೆಯೇ ಉಳಿಯಿತು.

ರಬ್ಬರ್ ತೋಟದಲ್ಲಿ ನೇಜಿ ನೆಡಲಾಗುವುದಿಲ್ಲ. ಆದ್ದರಿಂದ ಈ ಮುಯ್ಯಿಯನ್ನು ಇದನ್ನು ಓದುತ್ತಿರುವ ನೀವು ತೀರಿಸಬೇಕು. ಹೆಗಲಿಗೆ ಚೀಲ ಹಾಕಿ ಒಬ್ಬಳೇ ಬಂದ ಹೆಣ್ಣು ನಿಮ್ಮ ಜಗಲಿಯ ಎದುರು ನಿಂತರೆ, ಜೊತೆಗೆ ಯಾರೂ ಇಲ್ಲವಾ ಎಂದು ಕೇಳಬೇಡಿ. ಕಾಲಿಗೆ ನೀರು ಕೊಡಿ, ಬಡಿಸಿ, ಚಾಪೆ ಹಾಸಿ. ಹೊರಡುವಾಗ ಬೇಕಾದರೆ ಮನೆ ಯಾವುದೆಂದು ಕೇಳಿ, ಅವಳ ಗದ್ದೆಗೆ ಆಳು ಬೇಕಾದ ದಿನ ನೀವು ಹೋಗುವವರಾದರೆ ಮಾತ್ರ.